ಕೈಗೊಂದು ಕೆಲಸ, ಮನಸ್ಸಿಗೊಂದು ತಂಗುದಾಣ



ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಒಂದು ಬಗೆಯ ರೋಗಿಗಳು ತಮ್ಮ ನಿಜವಾದ ಬಾಧೆಯನ್ನು ಕುಳಿತಾಗ ಹೇಳುವುದಿಲ್ಲ. ಮೊದಲು ಅಜೀರ್ಣವೆನ್ನುತ್ತಾರೆ, ಆಮೇಲೆ ತಲೆಭಾರವೆನ್ನುತ್ತಾರೆ. ಔಷಧದ ಚೀಟಿ ಕೈಗೆ ಬಂದು, ಎದ್ದು ಬಾಗಿಲವರೆಗೆ ಹೋದ ಮೇಲೆ ತಿರುಗಿ ನಿಂತು, “ಸಾಹೇಬ್ರ, ರಾತ್ರಿ ಎರಡಕ್ಕ ಎಚ್ಚರ ಆಗತೈತ್ರಿ. ಎದಿ ಡವಡವ ಹೊಡಕೋತೈತಿ. ಏನೋ ಆಗಿಬಿಡತೈತಿ ಅನಸ್ತೈತಿ. ಏನು ಅಂತ ಕೇಳಿದ್ರ ಹೇಳಾಕ ಬರಂಗಿಲ್ಲ” ಎನ್ನುತ್ತಾರೆ. ಹೀಗೆ ಹೇಳಿದವರಲ್ಲಿ ಮಗಳ ಮದುವೆ ನಿಶ್ಚಯಿಸಿದ ತಂದೆಯರಿದ್ದಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ತಾಯಂದಿರಿದ್ದಾರೆ. ಬೆಳೆಸಾಲ ತೆಗೆದು ಮುಗಿಲು ನೋಡುತ್ತಿರುವ ರೈತರಿದ್ದಾರೆ. ಪರೀಕ್ಷೆಯ ಹೊಸ್ತಿಲಲ್ಲಿರುವ ಹುಡುಗಿಯರಿದ್ದಾರೆ.

ಇದು ಇಂದಿನ ಕಾಲದ ಹೊಸ ರೋಗವೇನಲ್ಲ. ಚರಕ ಸಂಹಿತೆಯು ಮನಸ್ಸಿನ ವಿಕಾರಗಳನ್ನು ಎಣಿಸುವಾಗ ಕಾಮ, ಕ್ರೋಧ, ಶೋಕ, ಭಯಗಳ ಸಾಲಿನಲ್ಲಿಯೇ ಚಿತ್ತೋದ್ವೇಗವನ್ನೂ ಹೆಸರಿಸುತ್ತದೆ. ನಮ್ಮ ಹಿರಿಯರು ಇದನ್ನು ಜೀವದ ಕಳವಳ ಎಂದರು. ಇಂದಿನ ವೈದ್ಯರು ಆತಂಕದ ಕಾಯಿಲೆ ಎನ್ನುತ್ತಾರೆ. ಹೆಸರು ಯಾವುದಾದರೂ ಅನುಭವಿಸುವವನ ಪಾಡು ಒಂದೇ.

ಇಂಥವರಿಗೆ ನಾವು 37 ವರ್ಷಗಳ ಕಾಲ ಏನು ಮಾಡುತ್ತ ಬಂದೆವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಬ್ರಾಹ್ಮಿ, ಶಂಖಪುಷ್ಪಿ, ಅಶ್ವಗಂಧಗಳನ್ನು ಪ್ರಕೃತಿ ನೋಡಿ ಕೊಟ್ಟೆವು. ಎಳ್ಳೆಣ್ಣೆಯ ಅಭ್ಯಂಗ ಹೇಳಿದೆವು. ಅದೆಲ್ಲ ಸರಿಯೇ. ಆದರೆ ಪ್ರತಿಯೊಬ್ಬರನ್ನೂ ಬೀಳ್ಕೊಡುವಾಗ ಬೆನ್ನು ತಟ್ಟಿ, “ಏನೂ ಚಿಂತೆ ಮಾಡಬೇಡಿ” ಎಂದೂ ಹೇಳಿದೆವು. ಆ ಮಾತು ಹೇಳಿದವನಿಗೆ ಸಮಾಧಾನ ಕೊಡುತ್ತದೆಯೇ ಹೊರತು ಕೇಳಿದವನಿಗಲ್ಲವೆಂಬುದು ನಮಗೆ ತಿಳಿದದ್ದು, ಬೇರೊಬ್ಬರು ಅದನ್ನು ನಮಗೇ ಹೇಳಿದ ದಿನ.

ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯವರ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಪರೀಕ್ಷೆಯಾಯಿತು, ಅರ್ಬುದವೆಂದು ಖಚಿತವಾಯಿತು, ಶಸ್ತ್ರಚಿಕಿತ್ಸೆಯಾಯಿತು, ಅದರ ಬೆನ್ನಿಗೆ ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಔಷಧ ಕೊಡುವ ಚಿಕಿತ್ಸೆ ಆರಂಭವಾಯಿತು. ಅವರು ಇದನ್ನೆಲ್ಲ ಎದುರಿಸಿದ ರೀತಿಯನ್ನು ನೋಡಿದವರು ಬೆರಗಾದರು. ಕುಸಿದವರು ನಾವು. ರಾತ್ರಿ ಎರಡಕ್ಕೆ ಎಚ್ಚರವಾಗತೊಡಗಿತು. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಉಸಿರು ಅರ್ಧಕ್ಕೆ ನಿಂತಂತಾಗುವುದು, ಇವೆಲ್ಲ ನಾವು ಪರರ ಬಾಯಲ್ಲಿ ಸಾವಿರ ಸಲ ಕೇಳಿದ ಲಕ್ಷಣಗಳೇ ಆಗಿದ್ದವು. ಹೃದಯದ ಇಸಿಜಿ, ಥೈರಾಯ್ಡ್, ರಕ್ತದ ಸಕ್ಕರೆ ಎಲ್ಲವನ್ನೂ ಪರೀಕ್ಷಿಸಿಕೊಂಡೆವು. ಎಲ್ಲವೂ ಸರಿಯಾಗಿದ್ದವು. ವರದಿ ನೋಡಿದ ವೈದ್ಯಮಿತ್ರರು ನಮ್ಮ ಬೆನ್ನು ತಟ್ಟಿ, “ಏನೂ ಇಲ್ಲ. ಚಿಂತೆ ಮಾಡಬೇಡಿ” ಎಂದರು. ಮೆಟ್ಟಿಲಿಳಿದು ಬೀದಿಗೆ ಬಂದ ನಮಗೆ, ಇಷ್ಟು ವರ್ಷ ನಮ್ಮ ಮೆಟ್ಟಿಲಿಳಿದು ಹೋದವರ ಮುಖಗಳು ನೆನಪಾದವು.

ಆ ಮೇಲೆ ನಾವು ಒಬ್ಬ ಮನೋವೈದ್ಯರನ್ನು ಕಂಡೆವು; ಅವರು ಕೊಟ್ಟ ಮಾತ್ರೆಯನ್ನು ಅವರು ಹೇಳಿದಷ್ಟು ಕಾಲ ಸೇವಿಸಿದೆವು. ಆಯುರ್ವೇದ ವೈದ್ಯನೊಬ್ಬ ಇದನ್ನು ಮಠದ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಬರೆಯಲೇಬೇಕು. ಕಾಲು ಮುರಿದವನು ಮೂಳೆ ವೈದ್ಯರ ಬಳಿ ಹೋದರೆ ನಾವು ನಾಚಿಕೆಪಡುವುದಿಲ್ಲ. ಚಿತ್ತ ಕದಡಿದಾಗ ಮಾತ್ರ ಏಕೆ ಮುಚ್ಚಿಡಬೇಕು? ಆದರೆ ಇಂದು ನಾವು ಬರೆಯಹೊರಟಿರುವುದು ಆ ಮಾತ್ರೆಯ ಜೊತೆಗೆ ನಮ್ಮ ಕೈಹಿಡಿದು ನಡೆಸಿದ ಇನ್ನೊಂದು ಉಪಾಯದ ಬಗ್ಗೆ.

ನಮ್ಮ ಮನೆಯವರಿಗೆ ಕ್ರೋಶಾ ಹೆಣಿಗೆ ಮೊದಲಿನಿಂದಲೂ ಬರುತ್ತಿತ್ತು. ಬಾಗಿಲಿಗೆ ತೋರಣ, ಮೇಜಿಗೆ ಹೊದಿಕೆ, ಹೀಗೆ ಏನಾದರೊಂದು ಅವರ ಕೈಯಲ್ಲಿರುತ್ತಿತ್ತು. ಗಂಟು ಕಾಣಿಸಿಕೊಳ್ಳುವ ಮೊದಲೇ ಅವರು ಹುಟ್ಟಲಿರುವ ಮೊಮ್ಮಗುವಿಗಾಗಿ ಒಂದು ಹೊದಿಕೆಯನ್ನು ಆರಂಭಿಸಿದ್ದರು. ಆರು ಅಂಗುಲದ ಚೌಕಗಳು, ಉದ್ದಕ್ಕೆ ಆರು, ಅಡ್ಡಕ್ಕೆ ಆರು, ಒಟ್ಟು 36. ಹದಿನಾಲ್ಕು ಚೌಕಗಳಾಗುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಬಂತು. ಅನಂತರದ ಔಷಧದಿಂದ ಅವರ ಬೆರಳ ತುದಿಗಳು ಜೋಮುಹಿಡಿದು, ಸೂಜಿ ಕೈಯಿಂದ ಜಾರತೊಡಗಿತು. ಒಂದು ಸಂಜೆ ಅವರು ಉಣ್ಣೆಯ ಚೀಲವನ್ನು ನಮ್ಮತ್ತ ಸರಿಸಿ, “ಕೂಸು ಹುಟ್ಟೂದ್ರಾಗ ಇದು ಮುಗೀಬೇಕ್ರಿ. ನನ್ನ ಬಳ್ಳು ಮಾತು ಕೇಳವಲ್ವು. ನೀವ ಹಾಕ್ರಿ, ನಾ ಹೇಳತೀನಿ” ಎಂದರು.

ಕ್ರೋಶಾ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಇದಕ್ಕೆ ಬೇಕಾದದ್ದು ತುದಿಯಲ್ಲಿ ಕೊಕ್ಕೆಯಿರುವ ಒಂದೇ ಸೂಜಿ ಮತ್ತು ಒಂದು ಉಂಡೆ ದಾರ. ದಾರದಲ್ಲಿ ಒಂದು ಕೊಂಡಿ ಮಾಡಿ, ಅದರೊಳಗಿಂದ ದಾರವನ್ನು ಎಳೆದರೆ ಇನ್ನೊಂದು ಕೊಂಡಿ. ಕೊಂಡಿಗಳ ಸರಪಳಿಯನ್ನು ಉಂಗುರ ಮಾಡಿ, ಅದರ ಸುತ್ತ ಮೂರು ಮೂರು ಕಂಬಗಳ ಗುಂಪುಗಳನ್ನು ಹೆಣೆಯುತ್ತ ಹೋದರೆ ಚೌಕ ಬೆಳೆಯುತ್ತದೆ. ಮೊದಲ ಸುತ್ತಿಗೆ ನಾಲ್ಕು ಗುಂಪು, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ಹನ್ನೆರಡು, ನಾಲ್ಕನೆಯದಕ್ಕೆ ಹದಿನಾರು. ಮೂಲೆಯಲ್ಲಿ ಎರಡು ಗುಂಪು ಹಾಕಲು ಮರೆತರೆ ಚೌಕ ಚಪ್ಪಟೆಯಾಗಿ ಕೂಡದೆ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ. ನಮ್ಮ ಮೊದಲ ನಾಲ್ಕು ಚೌಕಗಳು ಬಟ್ಟಲುಗಳೇ ಆದವು. ನಾಡಿ ಹಿಡಿದು ಪಳಗಿದ ಬೆರಳುಗಳು ಒಂದು ಉಣ್ಣೆಯ ಎಳೆಯನ್ನು ಹಿಡಿಯಲಾರದೆ ಒದ್ದಾಡುವುದನ್ನು ಕಂಡು ನಮ್ಮ ಮನೆಯವರು ನಕ್ಕರು. ಚಿಕಿತ್ಸೆ ಆರಂಭವಾದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾವು ಕಂಡಿದ್ದು ಅದೇ ಮೊದಲು.

ಎರಡು ವಾರ ಕಳೆಯುವಷ್ಟರಲ್ಲಿ ಒಂದು ಸಂಗತಿ ನಮ್ಮ ಗಮನಕ್ಕೆ ಬಂತು. ರಾತ್ರಿ ಎರಡಕ್ಕೆ ಎಚ್ಚರವಾಗುವುದು ನಿಂತಿರಲಿಲ್ಲ. ಎದೆ ಹೊಡೆದುಕೊಳ್ಳುವುದೂ ನಿಂತಿರಲಿಲ್ಲ. ಆದರೆ ಮೊದಲು ಬೆಳಗಿನವರೆಗೆ ಮಾಡನ್ನು ನೋಡುತ್ತ ಮಲಗಿರುತ್ತಿದ್ದ ನಾವು, ಈಗ ಎದ್ದು ಸಣ್ಣ ದೀಪ ಹಾಕಿಕೊಂಡು ಒಂದೆರಡು ಸುತ್ತು ಹೆಣೆಯುತ್ತಿದ್ದೆವು. ಅರ್ಧ ತಾಸಿನಲ್ಲಿ ಉಸಿರು ತಾನಾಗಿ ನೀಳವಾಗುತ್ತಿತ್ತು, ಹೆಗಲು ಸಡಿಲವಾಗುತ್ತಿತ್ತು, ಕಣ್ಣು ಭಾರವಾಗುತ್ತಿತ್ತು. ಭಯ ಹೋಗಿರಲಿಲ್ಲ, ಅದು ಪಕ್ಕದಲ್ಲಿ ಕುಳಿತಿರುತ್ತಿತ್ತು. ನಮ್ಮ ಮೇಲೆ ಕುಳಿತಿರುತ್ತಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತೆಂದು ಯೋಚಿಸಿದಾಗ, ವಿದ್ಯಾರ್ಥಿಯಾಗಿದ್ದಾಗ ಬಾಯಿಪಾಠ ಮಾಡಿ ಮರೆತಿದ್ದ ಒಂದು ತತ್ತ್ವ ನೆನಪಾಯಿತು. ಚರಕ ಸಂಹಿತೆಯ ಶಾರೀರಸ್ಥಾನವು ಮನಸ್ಸಿಗೆ ಎರಡು ಗುಣಗಳನ್ನು ಹೇಳುತ್ತದೆ: ಅಣುತ್ವ ಮತ್ತು ಏಕತ್ವ. ಮನಸ್ಸು ಅತಿ ಸೂಕ್ಷ್ಮವಾದುದು, ಮತ್ತು ಅದು ಒಂದೇ ಆಗಿರುವುದು. ಆದ್ದರಿಂದ ಒಂದೇ ಕ್ಷಣದಲ್ಲಿ ಅದು ಎರಡು ವಿಷಯಗಳಲ್ಲಿ ನೆಲೆಸಲಾರದು. ಎರಡರ ನಡುವೆ ಬೇಗಬೇಗನೆ ಜಿಗಿಯುವುದರಿಂದ ಎರಡೂ ಒಟ್ಟಿಗೆ ಇದ್ದಂತೆ ನಮಗೆ ಭಾಸವಾಗುತ್ತದೆ. ಆತಂಕಗೊಂಡ ಮನಸ್ಸು ನಾಳೆಯ ವರದಿಯತ್ತ ಜಿಗಿಯುತ್ತಲೇ ಇರುತ್ತದೆ. ಅದಕ್ಕೆ “ಜಿಗಿಯಬೇಡ” ಎಂದು ಹೇಳಿ ಫಲವಿಲ್ಲ. ಜಿಗಿಯದಿರಬೇಕೆಂಬುದೇ ಅದಕ್ಕೆ ಇನ್ನೊಂದು ಚಿಂತೆಯಾಗುತ್ತದೆ. ಆದರೆ ಹನ್ನೆರಡನೆಯ ಗುಂಪು ಮುಗಿಯಿತೇ, ಮೂಲೆ ಬಂತೇ ಎಂದು ಎಣಿಸಬೇಕಾದಾಗ ಅದಕ್ಕೆ ಕಾಲೂರಲು ಒಂದು ನೆಲೆ ಸಿಗುತ್ತದೆ. ಹೆಣಿಗೆಯ ಕಡ್ಡಿಗಳಲ್ಲಿ ಒಂದು ಸಾಲಿನ ಕೊಂಡಿಗಳೆಲ್ಲ ಒಮ್ಮೆಗೇ ತೂಗುತ್ತಿರುತ್ತವೆ. ನಾವು ಹೆಣೆಯುವ ಕ್ರೋಶಾದಲ್ಲಿ ಹಾಗಲ್ಲ, ಒಂದು ಕಂಬ ಮುಗಿದಾಗ ಸೂಜಿಯ ಮೇಲೆ ಉಳಿಯುವುದು ಒಂದೇ ಕೊಂಡಿ. ಆ ಒಂದನ್ನು ನೋಡಿಕೊಂಡರೆ ಸಾಕು.

ಚರಕಾಚಾರ್ಯರು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ. ಮಂತ್ರ, ಉಪವಾಸ, ಪೂಜೆಗಳು ಮೊದಲನೆಯದು. ಆಹಾರ, ಔಷಧಗಳು ಎರಡನೆಯದು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವುದು ಮೂರನೆಯದು. ನಾವು ವೈದ್ಯರು ಎರಡನೆಯದರಲ್ಲಿ ಮುಳುಗಿ ಮೂರನೆಯದನ್ನು ಒಂದು ಉಪದೇಶದ ಮಾತಿಗೆ ಇಳಿಸಿಬಿಟ್ಟೆವು. ಹಿಂದೆಗೆದ ಮನಸ್ಸನ್ನು ಎಲ್ಲಿ ಇಡಬೇಕೆಂಬುದನ್ನು ರೋಗಿಗೆ ತೋರಿಸಲಿಲ್ಲ. ಕೈಕೆಲಸವು ಆ ಸ್ಥಳವನ್ನು ತೋರಿಸುತ್ತದೆ ಎಂಬುದೇ ಈ ಲೇಖನದ ಅಭಿಪ್ರಾಯ. ವಾತದ ಸ್ವಭಾವ ಚಲನೆ. ಚಲಿಸಲೇಬೇಕಾದುದನ್ನು ಕಟ್ಟಿಹಾಕುವುದಕ್ಕಿಂತ, ಒಂದೇ ಲಯದಲ್ಲಿ ಚಲಿಸುವಂತೆ ದಾರಿ ಮಾಡಿಕೊಡುವುದು ಮೇಲು.

ಈ ತಿಳಿವಳಿಕೆ ಒಂದು ನಾಡಿಗೆ ಸೀಮಿತವಲ್ಲ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಂದಾಗ, ಅಲ್ಲಿನ ಕ್ರೈಸ್ತ ಸಂನ್ಯಾಸಿನಿಯರ ಮಠಗಳು ಹೆಣ್ಣುಮಕ್ಕಳಿಗೆ ಕ್ರೋಶಾ ಜಾಲರಿಯ ಕೆಲಸ ಕಲಿಸಿ ಅನ್ನಕ್ಕೆ ದಾರಿ ಮಾಡಿದವು. ಮೊದಲ ಮಹಾಯುದ್ಧದಲ್ಲಿ ಸಿಡಿಗುಂಡುಗಳ ನಡುವೆ ಬದುಕುಳಿದು ಮನಸ್ಸು ಕದಡಿ ಬಂದ ಸೈನಿಕರಿಗೆ ಆಸ್ಪತ್ರೆಗಳಲ್ಲಿ ಬುಟ್ಟಿ ಹೆಣೆಯುವುದು, ನೇಯುವುದು, ಕಸೂತಿ ಮುಂತಾದವನ್ನು ಚಿಕಿತ್ಸೆಯಾಗಿಯೇ ಕೊಟ್ಟರು. ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಕ್ರೋಶಾ ಹೆಣೆಯುವ ಎಂಟು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹತ್ತರಲ್ಲಿ ಸುಮಾರು ಒಂಬತ್ತು ಜನ ಇದರಿಂದ ತಮ್ಮ ಮನಸ್ಸು ಶಾಂತವಾಗುತ್ತದೆ ಎಂದರು. ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಉತ್ತರ ಕೊಟ್ಟವರೆಲ್ಲ ಹೆಣಿಗೆಯನ್ನು ಮೊದಲೇ ಮೆಚ್ಚಿದವರು. ಮೆಚ್ಚದೆ ಬಿಟ್ಟವರನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಇದನ್ನು ರಾಮಬಾಣವೆಂದು ಸಾರುವುದು ತಪ್ಪು. ಅನೇಕರಿಗೆ ಉಪಯೋಗವಾಗಿದೆ, ಹಾನಿ ಕಡಿಮೆ, ಖರ್ಚು ಅಲ್ಪ. ವೈದ್ಯನು ಧೈರ್ಯವಾಗಿ ಸೂಚಿಸಲು ಇಷ್ಟು ಸಾಕು.

ದೂರದ ದೇಶಗಳ ಮಾತೇಕೆ, ನಮ್ಮ ಮನೆಗಳನ್ನೇ ನೆನೆಯೋಣ. ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಕೌದಿ ಇರಲಿಲ್ಲ? ಹಳೆಯ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸಾಲು ಸಾಲಾಗಿ ನಮ್ಮ ತಾಯಿ ಹೊಲಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೇಸಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿದರೆ ಓಣಿಯ ನಾಲ್ಕು ಜನ ತಾಯಂದಿರು ನಾಲ್ಕು ಬದಿಗೆ ಕೂಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದೆ, ದೃಷ್ಟಿ ಸೂಜಿಯ ಮೇಲಿರಿಸಿಕೊಂಡು, ಹೇಳಲಾಗದ ಎಷ್ಟೋ ಸಂಕಟಗಳನ್ನು ಅವರು ಅಲ್ಲಿ ಹೇಳಿಕೊಂಡರು. ಇಂದು ಅಂಗಡಿಯಲ್ಲಿ ಹೊದಿಕೆ ಅಗ್ಗವಾಗಿ ಸಿಗುತ್ತದೆ. ಆದರೆ ಕೌದಿಯೊಂದಿಗೆ ಹೋದದ್ದು ಹೊದಿಕೆ ಮಾತ್ರವಲ್ಲ, ಆ ಮಧ್ಯಾಹ್ನವೂ ಹೋಯಿತು. ಆ ಜಾಗದಲ್ಲಿ ಈಗ ಮೊಬೈಲ್ ಇದೆ. ಅದೂ ಕೈಯಲ್ಲಿಯೇ ಇರುತ್ತದೆ, ಬೆರಳೂ ಚಲಿಸುತ್ತದೆ. ಆದರೆ ಅದು ಮನಸ್ಸಿಗೆ ಒಂದು ವಿಷಯವನ್ನು ಕೊಡುವುದಿಲ್ಲ, ನಿಮಿಷಕ್ಕೆ ಹತ್ತು ವಿಷಯಗಳನ್ನು ಎಸೆಯುತ್ತದೆ.

ಈಗ ನಮಗೆ ಹೆಚ್ಚು ಕಾಡಿದ ಆಕ್ಷೇಪಕ್ಕೆ ಬರೋಣ. “ಇದು ಹೆಣ್ಣುಮಕ್ಕಳ ಕೆಲಸ.” ನಾವೂ ಇದಕ್ಕೆ ಅಂಜಿದೆವೆಂಬುದನ್ನು ಮುಚ್ಚಿಡುವುದಿಲ್ಲ. ಚಿಕಿತ್ಸಾಲಯದಲ್ಲಿ ರೋಗಿಗಳಿಲ್ಲದ ಹೊತ್ತಿನಲ್ಲಿ ಹೆಣೆದು, ಹೆಜ್ಜೆಯ ಸಪ್ಪಳವಾದೊಡನೆ ಮೇಜಿನ ಖಾನೆಗೆ ತಳ್ಳಿಬಿಡುತ್ತಿದ್ದೆವು. ಒಮ್ಮೆ ನಿವೃತ್ತ ಮಾಸ್ತರರೊಬ್ಬರು ಖಾನೆಯಿಂದ ಜೋಲುತ್ತಿದ್ದ ಹಳದಿ ಎಳೆಯನ್ನು ನೋಡಿ, “ಇದೇನ್ರಿ ಸಾಹೇಬ್ರ?” ಎಂದರು. “ಮನೆಯವರದು, ತಪ್ಪಿ ಬಂದಿದೆ” ಎಂದೆವು. ಅವರು ತಲೆಯಾಡಿಸಿದರು. ಆತಂಕ ನಿವಾರಣೆಗೆಂದೇ ನಮ್ಮ ಬಳಿ ಬಂದಿದ್ದವರು ಅವರು. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು, ಹಗಲೆಲ್ಲ ಮಾಡಲು ಕೆಲಸವಿರಲಿಲ್ಲ. ನಮಗೆ ಉಪಯೋಗವಾದದ್ದನ್ನು, ಅದೇ ಕಾಯಿಲೆಯವರಿಂದ, ನಮ್ಮ ಮರ್ಯಾದೆಗೆ ಅಂಜಿ ಬಚ್ಚಿಟ್ಟಿದ್ದೆವು. ವೈದ್ಯವೃತ್ತಿಯಲ್ಲಿ ನಾವು ಮಾಡಿದ ತಪ್ಪುಗಳಲ್ಲಿ ಇದನ್ನು ಸಣ್ಣದೆಂದು ನಾವು ಎಣಿಸಿಲ್ಲ. ಮುಂದಿನ ಸಲ ಅವರು ಬಂದಾಗ ಖಾನೆಯಿಂದ ಚೌಕವನ್ನು ತೆಗೆದು ಮೇಜಿನ ಮೇಲಿಟ್ಟು ನಿಜ ಹೇಳಿದೆವು. ಮಾಸ್ತರರು ಕ್ರೋಶಾ ಕಲಿಯಲಿಲ್ಲ. “ನನಗ ಹೊರಸು ಹೆಣಿಯಾಕ ಬರತೈತ್ರಿ, ನಮ್ಮಪ್ಪ ಕಲಿಸಿದ್ದ” ಎಂದರು. ಅವರ ಅಟ್ಟದಲ್ಲಿ ಹರಿದ ಹೊರಸೊಂದಿತ್ತು. ಅದನ್ನು ಹೆಣೆದು ಮುಗಿಸಿದ ಮೇಲೆ ನೆರೆಮನೆಯವರ ಎರಡು ಹೊರಸುಗಳನ್ನು ಕೇಳಿ ತಂದರು.

ಕುರಿ ಕಾಯುತ್ತ ನಡೆಯುವಾಗಲೇ ಉಣ್ಣೆ ನೂಲುತ್ತಿದ್ದ ಕುರುಬ ಹಿರಿಯರನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಆ ಕಂಬಳಿಯ ದಾರ ಗಂಡಸಿನ ಬೆರಳಿನಿಂದಲೂ ಬಂದದ್ದೇ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೋಡಿದರೂ ಸಾಕು. ಕದಿರು ಹಿಡಿದು ನೂಲಿದವರು ಕದಿರ ರೆಮ್ಮವ್ವೆ; ಸೂಜಿ ಹಿಡಿದವರು ಸೂಜಿಕಾಯಕದ ರಾಮಿತಂದೆ. ಕೈಕೆಲಸಕ್ಕೆ ಗಂಡು ಹೆಣ್ಣಿನ ಗೋಡೆ ಕಟ್ಟಿದವರು ಅವರಲ್ಲ, ನಾವು. ಆ ಗೋಡೆಯಿಂದ ನಷ್ಟವಾದದ್ದು ಗಂಡಸರಿಗೇ. ನಿವೃತ್ತಿಯಾದ ಮೇಲೆ, ಹೊಲವನ್ನು ಮಗನಿಗೆ ಒಪ್ಪಿಸಿದ ಮೇಲೆ, ಅವರ ಕೈಗೆ ಏನೂ ಉಳಿಯುವುದಿಲ್ಲ. ಖಾಲಿ ಕೈಯವರ ಕಳವಳ ಬಲು ಬೇಗ ಚಹಾದಂಗಡಿಗೋ ಸಾರಾಯಿಯಂಗಡಿಗೋ ದಾರಿ ಹುಡುಕುತ್ತದೆ.

ಇನ್ನೊಂದು ಆಕ್ಷೇಪ, “ಧ್ಯಾನ ಮಾಡಿದರೆ ಸಾಲದೇ?” ಎಂಬುದು. ಧ್ಯಾನ ಒಗ್ಗಿದವರಿಗೆ ಅದು ದೊಡ್ಡ ಆಸರೆ, ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ತೀವ್ರ ಆತಂಕದಲ್ಲಿರುವ ಕೆಲವರಿಗೆ ಕಣ್ಣು ಮುಚ್ಚಿ ಕುಳಿತೊಡನೆ ಎದೆಬಡಿತವೇ ಕಿವಿ ತುಂಬ ಕೇಳಿಸಿ ಭಯ ಇಮ್ಮಡಿಯಾಗುತ್ತದೆ. ಅವರು ಇದನ್ನು ತಮ್ಮ ಭಕ್ತಿಯ ಕೊರತೆಯೆಂದು ತಿಳಿದು ಇನ್ನಷ್ಟು ನೊಂದುಕೊಳ್ಳುತ್ತಾರೆ. ಅದು ಭಕ್ತಿಯ ಕೊರತೆಯಲ್ಲ. ಕಾಯಿಲೆಯ ಒಂದು ಲಕ್ಷಣ. ಅಂಥವರು ಕಣ್ಣು ತೆರೆದು, ಕೈ ಆಡಿಸುತ್ತ ಆರಂಭಿಸಲಿ. ಮನಸ್ಸು ಹದಗೊಂಡ ಮೇಲೆ ಧ್ಯಾನ ತಾನಾಗಿ ಒಲಿಯುತ್ತದೆ.

ಆರಂಭಿಸಬೇಕೆನ್ನುವವರಿಗೆ ನಮ್ಮ ಅನುಭವದ ಕೆಲವು ಸೂಚನೆಗಳು. ಮೊದಲಿಗೆ ದಪ್ಪ ದಾರವನ್ನೂ ಅದಕ್ಕೆ ತಕ್ಕ ದಪ್ಪ ಸೂಜಿಯನ್ನೂ ತೆಗೆದುಕೊಳ್ಳಿ; ಐದು ಮಿಲಿಮೀಟರಿನ ಸೂಜಿ ವಯಸ್ಸಾದವರ ಬೆರಳಿಗೂ ಕಣ್ಣಿಗೂ ಹಗುರ. ಕಡುಬಣ್ಣದ ದಾರದಲ್ಲಿ ಕೊಂಡಿಗಳು ಕಾಣುವುದಿಲ್ಲ, ತಿಳಿಬಣ್ಣ ಆರಿಸಿ. ಹೊದಿಕೆಯನ್ನು ಒಂದೇ ತುಂಡಾಗಿ ಆರಂಭಿಸದೆ ಚೌಕಗಳಾಗಿ ಹೆಣೆಯಿರಿ. ಇಡೀ ಹೊದಿಕೆಯೆಂದರೆ ಮನಸ್ಸು ಹೆದರುತ್ತದೆ, ಒಂದು ಚೌಕಕ್ಕೆ ಹೆದರುವುದಿಲ್ಲ. ತಪ್ಪಾದರೆ ಎಳೆ ಹಿಡಿದು ಎಳೆಯಿರಿ, ಸರಿಯಿದ್ದ ಕಡೆಯವರೆಗೆ ಬಿಚ್ಚಿಕೊಂಡು ಬರುತ್ತದೆ, ದಾರ ಹಾಳಾಗುವುದಿಲ್ಲ. ಯಾರಿಗಾಗಿ ಹೆಣೆಯುತ್ತೀರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೊಡಲಿಕ್ಕೊಬ್ಬರು ಇದ್ದಾರೆಂಬ ಭಾವನೆ ಅರ್ಧ ಔಷಧ.

ಇಪ್ಪತ್ತೈದು ಮೂವತ್ತು ನಿಮಿಷಕ್ಕೊಮ್ಮೆ ಕೈಬಿಟ್ಟು ಮಣಿಕಟ್ಟು, ಕುತ್ತಿಗೆ, ಹೆಗಲುಗಳನ್ನು ಆಡಿಸಿ. ಮಧುಮೇಹಿಗಳಲ್ಲಿ ಹೆಗಲು ಬಿಗಿಯುವುದು ಸಾಮಾನ್ಯ, ಅವರು ಹೆಚ್ಚು ಎಚ್ಚರವಹಿಸಬೇಕು. ಬೆರಳು ಜುಮುಗುಟ್ಟಿದರೆ ನಿಲ್ಲಿಸಿ. ಅಂಗಡಿಯಲ್ಲಿ ಉಣ್ಣೆಯೆಂದು ಕೊಡುವ ದಾರ ಬಹಳ ಸಲ ಅಕ್ರಿಲಿಕ್ ಆಗಿರುತ್ತದೆ, ಬೆಂಕಿಗೆ ಕರಗುತ್ತದೆ. ಒಲೆಯ ಬಳಿ ಬೇಡ. ಎಳೆಗೂಸಿಗೆ ಹೆಣೆಯುವುದಾದರೆ ಸಂದುಗಳಲ್ಲಿ ಬೆರಳು ಸಿಲುಕದಂತೆ ಒಳಗೆ ಹತ್ತಿಯ ಬಟ್ಟೆ ಕೊಟ್ಟು ಹೊಲಿಯಿರಿ, ಮಲಗಿದ ಕೂಸಿನ ಮುಖದ ಬಳಿ ಸಡಿಲ ಹೊದಿಕೆಯನ್ನು ಎಂದಿಗೂ ಬಿಡಬೇಡಿ. ಕ್ರೋಶಾವೇ ಆಗಬೇಕೆಂದಿಲ್ಲ. ಕೌದಿ, ಕಸೂತಿ, ಹೂಬತ್ತಿ ಹೊಸೆಯುವುದು, ಬುಟ್ಟಿ, ಹೊರಸು, ಏನಾದರೂ ಸರಿ. ಕೈ ಲಯಬದ್ಧವಾಗಿ ಚಲಿಸಬೇಕು, ಎಣಿಕೆಯಿರಬೇಕು, ಕೊನೆಗೆ ಕಣ್ಣಿಗೆ ಕಾಣುವ ವಸ್ತುವೊಂದು ಉಳಿಯಬೇಕು.

ಈ ಲೇಖನವನ್ನು ಓದಿ ಯಾರೂ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬಾರದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಬಿಡಬೇಡಿ. ಅಶ್ವಗಂಧವನ್ನು ಗಿಡಮೂಲಿಕೆಯಲ್ಲವೇ ಎಂದು ತಾವಾಗಿ ತಂದು ತಿನ್ನಬೇಡಿ. ಅದು ಥೈರಾಯ್ಡ್ ಮೇಲೆ ಪರಿಣಾಮ ಬೀರಬಲ್ಲದು, ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದದ್ದೂ ವರದಿಯಾಗಿದೆ. ಎದೆ ಹೊಡೆದುಕೊಳ್ಳುವುದೆಲ್ಲ ಆತಂಕವೂ ಅಲ್ಲ. ಥೈರಾಯ್ಡ್ ಹೆಚ್ಚಳ, ರಕ್ತಹೀನತೆ, ಸಕ್ಕರೆ ಇಳಿಯುವುದು, ಅತಿಯಾದ ಚಹಾ, ಉಬ್ಬಸದ ಕೆಲವು ಔಷಧಗಳು, ಇವೂ ಅದೇ ಲಕ್ಷಣ ತೋರುತ್ತವೆ. ಎದೆನೋವು ಎಡತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಸೂಜಿಯನ್ನೂ ಬೇಡ, ಕಷಾಯವನ್ನೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಕೆಟ್ಟರೆ ವೈದ್ಯರನ್ನು ಕಾಣಿ. ಬದುಕೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಆ ದಿನವೇ ಮನೆಯವರೊಬ್ಬರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆತಂಕವಿರುವವರ ಮನೆಯವರಿಗೂ ಒಂದು ಪ್ರಾರ್ಥನೆ. “ಚಿಂತೆ ಮಾಡಬೇಡ” ಎನ್ನುವ ಬದಲು, “ಬಾ, ಈ ಉಂಡೆ ಬಿಚ್ಚಿಕೊಡು” ಎನ್ನಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಮಾತು ಬಂದರೆ ಕೇಳಿ, ಬಾರದಿದ್ದರೆ ಒತ್ತಾಯಿಸಬೇಡಿ. ಹೆಣೆದದ್ದು ಸೊಟ್ಟಗಾದರೆ ನಗಬೇಡಿ. ನಗುವಷ್ಟು ಸಲುಗೆಯಿದ್ದರೆ ಮಾತ್ರ ನಮ್ಮ ಮನೆಯವರಂತೆ ನಗಿ. ನಮ್ಮ ಊರುಗಳಲ್ಲಿ ತಿಂಗಳಿಗೊಂದು ಮಧ್ಯಾಹ್ನ ಯಾರದಾದರೂ ಪಡಸಾಲೆಯಲ್ಲಿ ಕೌದಿ ಹಾಸಿದರೆ, ಗಂಡಸರೂ ಬಂದು ಕೂಡುವಂತಾದರೆ, ನಮ್ಮ ಚಿಕಿತ್ಸಾಲಯಕ್ಕೆ ಬರುವವರು ಕಡಿಮೆಯಾದಾರು. ನಮಗೆ ಅದರಿಂದ ಬೇಸರವಿಲ್ಲ.

ಹೊದಿಕೆ ಮುಗಿಯಿತು. ಮೊಮ್ಮಗಳು ಹುಟ್ಟಿದ ಹನ್ನೊಂದನೆಯ ದಿನಕ್ಕೆ, ಸ್ವಲ್ಪ ತಡವಾಗಿ. ನಮ್ಮ ಮನೆಯವರು ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ. ಅದರ ಹಿಂದಿನ ರಾತ್ರಿ ನಮಗೆ ಈಗಲೂ ನಿದ್ದೆ ಬಾರದು, ಈಗಲೂ ದೀಪ ಹಾಕಿಕೊಂಡು ಹೆಣೆಯುತ್ತೇವೆ. ಮೊದಲ ತಪಾಸಣೆಯ ಹಿಂದಿನ ರಾತ್ರಿ ಹೆಣೆದ ಚೌಕಕ್ಕೆ ಎಣಿಕೆ ತಪ್ಪಿ ಐದು ಮೂಲೆಗಳು ಬಂದಿದ್ದವು. ಅದನ್ನು ಬಿಚ್ಚಲು ನಮ್ಮ ಮನೆಯವರು ಬಿಡಲಿಲ್ಲ. ಹಾಸಿಗೆಯ ಬದಿಯಲ್ಲಿ ನೀರಿನ ತಂಬಿಗೆಯ ಕೆಳಗೆ ಇಂದಿಗೂ ಅದೇ ಇದೆ.